ಯಂತ್ರ ಹುಡುಕಿತು ಸರಿ, ಬಿಟ್ಟದ್ದೆಷ್ಟು?

ಕೃತಕ ಬುದ್ಧಿಮತ್ತೆ ವಕೀಲರ ಅನ್ನ ಕಸಿಯುತ್ತದೆಯೇ ಎಂದು ಕೇಳುವವರು ಬಹಳ. ದಾಖಲೆ, ತೀರ್ಪುಗಳ ರಾಶಿಯಲ್ಲಿ ಯಂತ್ರ ಹುಡುಕಿ ಕೊಟ್ಟದ್ದರ ಜೊತೆಗೆ, ಅದರ ಕಣ್ಣಿಗೆ ಬೀಳದೆ ಹೋದದ್ದೆಷ್ಟು ಎಂದು ಕೇಳುವವರು ತೀರಾ ಕಡಿಮೆ. ವಕೀಲಿ ವೃತ್ತಿಯ ಮಟ್ಟಿಗೆ ಎರಡನೆಯದೇ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದ್ದು ಬಹುಮಟ್ಟಿಗೆ ಸರ್ಕಾರದ ಹಣ.

ಡೇವಿಡ್ ಬ್ಲೇರ್ ಮತ್ತು ಎಂ. ಇ. ಮೇರನ್ 1985ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಕಾನೂನು ಕಾಲೇಜುಗಳಲ್ಲಿ ಕಡ್ಡಾಯವಾಗಿ ಓದಿಸಬೇಕು. ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದ ಬಾರ್ಟ್ ರೈಲು ಅಪಘಾತದ ದಾವೆ ಅದು. ಸುಮಾರು 40,000 ದಾಖಲೆ, ಮೂರೂವರೆ ಲಕ್ಷ ಪುಟ, ಎಲ್ಲವೂ ಕಂಪ್ಯೂಟರಿನಲ್ಲಿ. ಬೇಕಾದ ದಾಖಲೆಗಳಲ್ಲಿ ಶೇ 75ರಷ್ಟಾದರೂ ಕೈಗೆ ಬಂದಿದೆ ಎಂದು ವಕೀಲರು ಪೂರ್ತಿ ನಂಬಿದ್ದರು. ನಿಜಕ್ಕೂ ಬಂದದ್ದು ಸುಮಾರು ಶೇ 20. ಅವರು ಸೋಮಾರಿಗಳಾಗಿರಲಿಲ್ಲ. ಒಂದು ಕಡೆಯವರು ಅಪಘಾತ ಎಂದು ಬರೆದಲ್ಲಿ ಇನ್ನೊಂದು ಕಡೆಯವರು ‘ದುರದೃಷ್ಟಕರ ಘಟನೆ’ ಎಂದು ಬರೆದಿದ್ದರು. ಯಂತ್ರ ಕೇಳಿದ ಪದವನ್ನಷ್ಟೇ ಹುಡುಕಿತು.

ಸಿಗದೆ ಉಳಿದದ್ದನ್ನು ಎಣಿಸುವುದಾದರೂ ಹೇಗೆ? ಅಕ್ಕಿಯಲ್ಲಿ ಕಲ್ಲು ಆರಿಸುವವರನ್ನು ನೋಡಿ. ಆರಿಸಿ ತೆಗೆದ ಕಲ್ಲು ಅಂಗೈಯಲ್ಲಿದೆ, ಎಣಿಸಬಹುದು. ಮೊರದಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ, ಆರಿಸಿ ಮುಗಿದ ಅಕ್ಕಿಯಿಂದಲೇ ಕಣ್ಣುಮುಚ್ಚಿ ಒಂದು ಹಿಡಿ ತೆಗೆದು ಹರಡಿ ನೋಡಬೇಕು. ದಾಖಲೆಗಳಿಗೂ ಇದೇ ಲೆಕ್ಕ. ಯಂತ್ರ 1,500 ದಾಖಲೆಗಳನ್ನು ಸರಿಯಾಗಿ ಹೆಕ್ಕಿ, ಒಂದು ಲಕ್ಷ ದಾಖಲೆಗಳನ್ನು ಬೇಡವೆಂದು ಪಕ್ಕಕ್ಕಿಟ್ಟಿತು ಎನ್ನೋಣ. ಆ ಲಕ್ಷದಿಂದ ಯಾದೃಚ್ಛಿಕವಾಗಿ ಸಾವಿರ ತೆಗೆದು ಓದಿದಾಗ ಐದು ಬೇಕಾದವು ಸಿಕ್ಕರೆ, ಇಡೀ ರಾಶಿಯಲ್ಲಿ ಹೆಚ್ಚುಕಡಿಮೆ 500 ಇವೆ. ಬೇಕಾದವು ಒಟ್ಟು 2,000, ಸಿಕ್ಕವು 1,500, ಅಂದರೆ ಶೇ 75. ಬರಿಯ ಭಾಗಾಕಾರ. ಕಸದ ರಾಶಿಗೆ ಕೈಹಾಕುವ ವ್ಯವಧಾನವೊಂದಿದ್ದರೆ ಯಂತ್ರದ ಜಂಬ ಎಷ್ಟು ನಿಜ ಎಂಬುದು ಸಂಖ್ಯೆಯಲ್ಲೇ ಹೊರಬೀಳುತ್ತದೆ. ಇಷ್ಟು ಸರಳವಾದ ಉಪಾಯ ಇಷ್ಟು ದೊಡ್ಡ ಭ್ರಮೆಯನ್ನು ಒಡೆಯುತ್ತದೆ ಎಂಬುದೇ ನನಗೆ ಇಂದಿಗೂ ರೋಮಾಂಚನ.

ಇಂಥ ಅಳತೆಯನ್ನು ಸಾರ್ವಜನಿಕ ಪರೀಕ್ಷೆಯಾಗಿಸಿದ್ದು ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್. ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ನೆರವಿನೊಂದಿಗೆ 1992ರಲ್ಲಿ ಅದು ಹುಡುಕಾಟದ ತಂತ್ರಾಂಶಗಳಿಗೆ ಟ್ರೆಕ್ ಎಂಬ ವಾರ್ಷಿಕ ಪರೀಕ್ಷೆ ಆರಂಭಿಸಿತು. 2006ರಲ್ಲಿ ಅದಕ್ಕೆ ಕಾನೂನು ವಿಭಾಗ ಸೇರಿತು. ಮೊದಲು ತಂಬಾಕು ಕಂಪನಿಗಳ ದಾಖಲೆಗಳು, ಆಮೇಲೆ ದಿವಾಳಿಯೆದ್ದ ಎನ್ರಾನ್ ಕಂಪನಿಯ ಇಮೇಲ್‌ಗಳು. ಯಾರ ತಂತ್ರಾಂಶವಾದರೂ ಸರಿ, ಪ್ರಶ್ನೆಪತ್ರಿಕೆ ಒಂದೇ. 2009ರ ಆ ಫಲಿತಾಂಶಗಳನ್ನು ಕೆದಕಿ ವಕೀಲೆ ಮೌರಾ ಗ್ರಾಸ್‌ಮನ್ ಮತ್ತು ಗಣಕ ವಿಜ್ಞಾನಿ ಗಾರ್ಡನ್ ಕಾರ್ಮಾಕ್ 2011ರಲ್ಲಿ ತೋರಿಸಿದ್ದು ಇದು: ಎಲ್ಲವನ್ನೂ ಮನುಷ್ಯರೇ ಓದುವುದಕ್ಕಿಂತ ಯಂತ್ರದ ನೆರವಿನ ಪರಿಶೀಲನೆ ಮೇಲಾಗಬಲ್ಲದು, ಮನುಷ್ಯರು ಓದಬೇಕಾಗಿ ಬಂದದ್ದು ಸರಾಸರಿ ಶೇ 1.9ರಷ್ಟು ದಾಖಲೆಗಳನ್ನು ಮಾತ್ರ. ಮರುವರ್ಷ ನ್ಯೂಯಾರ್ಕಿನ ನ್ಯಾಯಾಧೀಶ ಆಂಡ್ರ್ಯೂ ಪೆಕ್ ಸುಮಾರು 30 ಲಕ್ಷ ಇಮೇಲ್‌ಗಳ ಒಂದು ಪ್ರಕರಣದಲ್ಲಿ ಈ ವಿಧಾನಕ್ಕೆ ಒಪ್ಪಿಗೆಯಿತ್ತರು. ಅಲ್ಲಿ ವಕೀಲರು ವಾದಿಸಿದ್ದು ಪರೀಕ್ಷೆಗೆ ತೆಗೆಯುವ ಹಿಡಿ ಎಷ್ಟು ದೊಡ್ಡದಿರಬೇಕು (ಮಾದರಿಯ ಗಾತ್ರ), ಅದರ ಅಂದಾಜನ್ನು ಎಷ್ಟು ನಂಬಬಹುದು (ವಿಶ್ವಾಸ ಮಟ್ಟ) ಇಂಥವುಗಳ ಬಗ್ಗೆ. ಗಂಟೆಗಿಷ್ಟು ಎಂದು ಕಡತ ಓದುತ್ತಿದ್ದ ಕಿರಿಯರ ಕೆಲಸಕ್ಕೆ ಕತ್ತರಿ ಬಿತ್ತು ನಿಜ. ಸಂಖ್ಯಾಶಾಸ್ತ್ರ ಬಲ್ಲ ವಕೀಲರಿಗೆ ಬೇಡಿಕೆ ಬಂದದ್ದೂ ಅಷ್ಟೇ ನಿಜ.

ನಮ್ಮಲ್ಲಿಯೂ ಹಣ ಹರಿಯುತ್ತಿದೆ. ನ್ಯಾಯಾಲಯಗಳನ್ನು ಗಣಕೀಕರಿಸುವ ಇ-ಕೋರ್ಟ್ಸ್ ಯೋಜನೆಗೆ 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೇ ಹಂತದ 7,210 ಕೋಟಿ ರೂಪಾಯಿಯಲ್ಲಿ 53.57 ಕೋಟಿ ಕೃತಕ ಬುದ್ಧಿಮತ್ತೆಯಂಥ ಮುಂದಿನ ತಂತ್ರಜ್ಞಾನಗಳಿಗೆ ಮೀಸಲು. ತೀರ್ಪುಗಳನ್ನು ಕನ್ನಡಕ್ಕೂ ತರುವ ಸುವಾಸ್ ತಂತ್ರಾಂಶವನ್ನು ಸುಪ್ರೀಂ ಕೋರ್ಟ್ 2019ರಲ್ಲೇ ಹೊರತಂದಿತು. ಆದರೆ ನಮ್ಮ ಭಯವೆಲ್ಲ ಇಲ್ಲದ ತೀರ್ಪುಗಳನ್ನು ಹುಟ್ಟಿಸುವ ಚಾಟ್‌ಜಿಪಿಟಿಯ ಮೇಲೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದನ್ನು ನಂಬಿ 5,000 ಡಾಲರ್ ದಂಡ ತೆತ್ತರು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ರ ಡಿಸೆಂಬರ್‌ನಲ್ಲಿ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ ನೀಡಿದ್ದ ತನ್ನ ಆದೇಶವೊಂದನ್ನೇ ಹಿಂಪಡೆಯಬೇಕಾಯಿತು. ಗಂಭೀರ ವಿಷಯವೇ. ಆದರೂ ಸುಳ್ಳು ಉಲ್ಲೇಖವನ್ನು ಎದುರು ವಕೀಲರು ಒಮ್ಮೆ ತೆರೆದು ನೋಡಿದರೆ ಬಯಲಾಗುತ್ತದೆ. ಕಕ್ಷಿದಾರನನ್ನು ಗೆಲ್ಲಿಸಬಹುದಾಗಿದ್ದ ನಿಜವಾದ ತೀರ್ಪೊಂದನ್ನು ಯಂತ್ರ ತೋರಿಸದೇ ಬಿಟ್ಟರೆ? ಅವನು ಸೋಲುತ್ತಾನೆ, ಏಕೆ ಸೋತೆನೆಂಬುದು ಅವನಿಗೂ ತಿಳಿಯುವುದಿಲ್ಲ, ವಕೀಲರಿಗೂ ತಿಳಿಯುವುದಿಲ್ಲ.

ಭಾರತದಲ್ಲಿ ಫೈರ್ ಎಂಬ ಸಂಶೋಧಕರ ವೇದಿಕೆ 2019ರಲ್ಲಿ ಸುಪ್ರೀಂ ಕೋರ್ಟಿನ ಪ್ರಕರಣಗಳ ಮೇಲೆ ಹುಡುಕಾಟದ ಸ್ಪರ್ಧೆ ನಡೆಸಿತು. ಒಳ್ಳೆಯ ಆರಂಭ, ಆದರೆ ಆ ಕಡತಗಳೆಲ್ಲ ಇಂಗ್ಲಿಷಿನವು. ನಮ್ಮ ತಾಲ್ಲೂಕು ನ್ಯಾಯಾಲಯಗಳ ಸಾಕ್ಷಿ ಹೇಳಿಕೆಗಳು ಕನ್ನಡದಲ್ಲಿವೆ. ಮಂಡ್ಯದ ರೈತ ಪಹಣಿ ಎನ್ನುವುದನ್ನು ಧಾರವಾಡದ ರೈತ ಉತಾರ ಎನ್ನುತ್ತಾನೆ. ಬಾರ್ಟ್ ಪ್ರಕರಣದಲ್ಲಿ ಕಣ್ತಪ್ಪಿದ್ದು ಇಂಥ ವ್ಯತ್ಯಾಸಗಳಿಂದಲೇ. ಆ 53.57 ಕೋಟಿಯಲ್ಲಿ ಸಣ್ಣ ಪಾಲನ್ನು ತೆಗೆದಿಟ್ಟು, ಹೆಸರು ಅಳಿಸಿದ ಕೆಲವು ಸಾವಿರ ಕನ್ನಡ ಕಡತಗಳನ್ನು ಅನುಭವಿ ವಕೀಲರಿಂದ ಓದಿಸಿ, ಉತ್ತರಪತ್ರಿಕೆ ಸಿದ್ಧಪಡಿಸಬೇಕು. ನ್ಯಾಯಾಲಯಕ್ಕೆ ತಂತ್ರಾಂಶ ಮಾರಲು ಬರುವ ಪ್ರತಿ ಕಂಪನಿಯೂ ಮೊದಲು ಆ ಪರೀಕ್ಷೆಗೆ ಕೂರಲಿ, ಬಿಟ್ಟದ್ದೆಷ್ಟು ಎಂಬ ಅಂಕ ಎಲ್ಲರಿಗೂ ಕಾಣುವಂತೆ ಪ್ರಕಟವಾಗಲಿ.