ಸ್ಲೀವಾ, ಬೈಪಾಸಾ? ಉತ್ತರ ಇರುವುದು ಕರುಳಿನಲ್ಲಿ

ನನ್ನ ಗೆಳೆಯರೊಬ್ಬರು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಲು ಹೊರಟಾಗ ಒಂದು ಹಾಳೆಯಲ್ಲಿ ಎರಡು ಚಿತ್ರ ಬರೆದುಕೊಂಡು ಬಂದಿದ್ದರು. ಒಂದು ಸ್ಲೀವ್, ಅಂದರೆ ಹೊಟ್ಟೆಯನ್ನು ಕತ್ತರಿಸಿ ಕೊಳವೆಯಷ್ಟೇ ಉಳಿಸುವುದು. ಇನ್ನೊಂದು ಬೈಪಾಸ್, ಅಂದರೆ ಹೊಟ್ಟೆಯ ಮೇಲಿನ ಪುಟ್ಟ ಭಾಗವನ್ನು ನೇರ ಮುಂದಿನ ಕರುಳಿಗೆ ಜೋಡಿಸುವುದು. ಪಕ್ಕದಲ್ಲಿ ಉಳಿಯುವ ಹೊಟ್ಟೆಯ ಅಳತೆ. ಸ್ಲೀವ್‌ಗೆ ನೂರು ಚಿಲ್ಲರೆ ಎಂಎಲ್, ಬೈಪಾಸ್‌ಗೆ ಸುಮಾರು 30. ‘ಬೈಪಾಸಲ್ಲಿ ಹೊಟ್ಟೆ ಜಾಸ್ತಿ ಚಿಕ್ಕದಾಗುತ್ತೆ, ಹಾಗಾದ್ರೆ ಅದೇ ಮೇಲು ಅಲ್ವಾ?’ ಅಂದರು. ಚಿತ್ರದಲ್ಲಿ ಕರುಳನ್ನೂ ಬರೆದಿದ್ದರು. ಅದರ ಪಕ್ಕ ಮಾತ್ರ ಏನೂ ಇರಲಿಲ್ಲ.

ಈ ಕಲ್ಪನೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ, ಓದಿದವರೂ ಇದನ್ನೇ ಹೇಳುತ್ತಾರೆ. ಹೊಟ್ಟೆ ಒಂದು ಚೀಲ. ಚೀಲ ಚಿಕ್ಕದಾದರೆ ಕಡಿಮೆ ಹಿಡಿಯುತ್ತದೆ, ಕಡಿಮೆ ತಿಂದರೆ ತೂಕ ಇಳಿಯುತ್ತದೆ. ಅಷ್ಟೇ ಆಗಿದ್ದರೆ ಆಪರೇಷನ್ ಆದವರು ಬದುಕಿಡೀ ಹಸಿದುಕೊಂಡೇ ಇರಬೇಕಿತ್ತು. ಪಥ್ಯ ಮಾಡುವವರಿಗೆ ಆಗುವುದು ಹಾಗೆಯೇ. ತೂಕ ಇಳಿದಷ್ಟೂ ಹಸಿವು ಏರುತ್ತದೆ. ಆಪರೇಷನ್ ಆದ ಹೆಚ್ಚಿನವರಲ್ಲಿ ತೂಕವೂ ಇಳಿಯುತ್ತದೆ, ಹಸಿವೂ ಇಳಿಯುತ್ತದೆ. ಚೀಲದ ಲೆಕ್ಕಕ್ಕೆ ಇದು ಸಿಗುವುದಿಲ್ಲ.

2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಇಲಿಗಳಿಗೆ ಸ್ಲೀವ್ ಆಪರೇಷನ್ ಮಾಡಿದರು. ತೂಕ ಇಳಿದು ಒಂದು ಮಟ್ಟಕ್ಕೆ ನಿಂತಿತು. ಆಮೇಲೆ ಆಹಾರ ಕಡಿಮೆ ಕೊಟ್ಟು ಅವನ್ನು ಇನ್ನಷ್ಟು ಬಡಕಲು ಮಾಡಿದರು. ಕೊನೆಗೆ ಬೇಕಾದಷ್ಟು ತಿನ್ನಲಿ ಅಂತ ಬಿಟ್ಟರು. ಚಿಕ್ಕ ಚೀಲವೇ ಕಾರಣವಾಗಿದ್ದರೆ ಇಲಿಗಳು ಬಡಕಲಾಗಿಯೇ ಉಳಿಯಬೇಕಿತ್ತು. ಆದರೆ ಅದೇ ಪುಟ್ಟ ಹೊಟ್ಟೆಯಲ್ಲೇ ಅವು ಜಾಸ್ತಿ ತಿಂದವು. ತೂಕ ಏರುತ್ತಾ ಬಂದು, ಆಪರೇಷನ್ ಆದ ಮೇಲೆ ಎಲ್ಲಿ ನಿಂತಿತ್ತೋ ಅಲ್ಲಿಗೇ ಬಂದು ನಿಂತಿತು. ಅಂದರೆ ಹೊಟ್ಟೆಯಲ್ಲಿ ಜಾಗ ಇತ್ತು. ಇಲಿಗಳಿಗೆ ಅದಕ್ಕಿಂತ ಹೆಚ್ಚು ತೂಕ ಬೇಕಿರಲಿಲ್ಲ!

ಟ್ಯಾಂಕಿನೊಳಗಿನ ತೇಲುವ ಚೆಂಡನ್ನು ನೆನಪು ಮಾಡಿಕೊಳ್ಳಿ. ನೀರು ಒಂದು ಮಟ್ಟಕ್ಕೆ ಬಂದರೆ ಚೆಂಡು ಮೇಲೆದ್ದು ನಲ್ಲಿ ಮುಚ್ಚುತ್ತದೆ. ಪಥ್ಯ ಅಂದರೆ ಚೊಂಬಿನಲ್ಲಿ ನೀರು ಮೊಗೆದು ಹಾಕಿದ ಹಾಗೆ. ಮೊಗೆದಷ್ಟೂ ಚೆಂಡು ಕೆಳಗಿಳಿಯುತ್ತದೆ, ನಲ್ಲಿ ಇನ್ನೂ ಜೋರಾಗಿ ಬಿಡುತ್ತದೆ. ಆಪರೇಷನ್ ಮಾಡುವುದು ಚೆಂಡಿನ ಕಡ್ಡಿಯನ್ನು ಬಗ್ಗಿಸುವ ಕೆಲಸ. ನೀರು ಕೆಳಗಿನ ಮಟ್ಟದಲ್ಲೇ ನಿಲ್ಲುತ್ತದೆ.

ಹಾಗಾದ್ರೆ ಕಡ್ಡಿ ಬಗ್ಗುವುದು ಹೇಗೆ? ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಹೋಗೋಣ. ಅದರ ಒಳಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಎಲ್ ಕೋಶಗಳಿವೆ. ಇವುಗಳ ಕೆಲಸ ರುಚಿ ನೋಡುವುದು. ನಾಲಿಗೆ ಶುರುವಿನಲ್ಲಿ ನೋಡಿದ್ದನ್ನು ಇವು ಕೊನೆಯಲ್ಲಿ ನೋಡುತ್ತವೆ. ಮಾಮೂಲಿಯಾಗಿ ಆಹಾರ ಇಲ್ಲಿಗೆ ಬರುವಷ್ಟರಲ್ಲಿ ಬಹುಪಾಲು ಜೀರ್ಣವಾಗಿ ರಕ್ತ ಸೇರಿರುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪುವುದೇ ಅಪರೂಪ, ಹಾಗೆ. ಬೈಪಾಸ್‌ನಲ್ಲಿ ಆಹಾರ ಹೊಟ್ಟೆಯ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ನೇರ ಮುಂದಕ್ಕೆ ಇಳಿಯುತ್ತದೆ. ಕೊನೆಯ ಹೊಲಕ್ಕೆ ಇದ್ದಕ್ಕಿದ್ದಂತೆ ನೀರು ನುಗ್ಗುತ್ತದೆ. ಅಲ್ಲಿಯವರು ಗಾಬರಿಯಾಗಿ ಮೇಲಿನವರಿಗೆ ಫೋನ್ ಮಾಡುತ್ತಾರೆ: ‘ಸಾಕು, ಗೇಟ್ ಮುಚ್ಚಿ!’ ಆ ಫೋನ್ ಕರೆಯೇ ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳು. ಅವು ಮೆದುಳಿಗೆ ‘ತಿಂದದ್ದು ಸಾಕು’ ಅನ್ನುತ್ತವೆ. ಜಿಎಲ್‌ಪಿ-1 ಮೇದೋಜೀರಕ ಗ್ರಂಥಿಗೆ ‘ಇನ್ಸುಲಿನ್ ಬಿಡು’ ಅಂತಲೂ ಹೇಳುತ್ತದೆ.

ಇನ್ನೊಂದು ಬಗೆಯಲ್ಲಿ ಹೇಳುತ್ತೇನೆ, ಯಾಕಂದ್ರೆ ಇಡೀ ವಿಷಯದ ತಿರುಳು ಇದೇ. ದೊಡ್ಡ ಮನೆ, ಕಾಲಿಂಗ್ ಬೆಲ್ ಇರುವುದು ಹಿತ್ತಲ ಬಾಗಿಲಿನಲ್ಲಿ ಮಾತ್ರ ಅಂದುಕೊಳ್ಳಿ. ನೆಂಟರು ಮುಂಬಾಗಿಲಿಂದ ಬಂದು ನಡುಮನೆಯಲ್ಲೇ ಕೂತುಬಿಟ್ಟರೆ ಒಳಗಿನವರಿಗೆ ಗೊತ್ತೇ ಆಗುವುದಿಲ್ಲ. ಆಪರೇಷನ್ ನೆಂಟರನ್ನು ಹಿತ್ತಲಿಂದ ಕರೆಸುತ್ತದೆ. ನಾಲ್ಕೇ ಜನ ಬಂದರೂ ಬೆಲ್ ಹೊಡೆಯುತ್ತದೆ. ಇವತ್ತು ತೂಕಕ್ಕೆ ಕೊಡುವ ಸೆಮಾಗ್ಲುಟೈಡ್ ಚುಚ್ಚುಮದ್ದು ಮಾಡುವುದೂ ಇದನ್ನೇ. ನೆಂಟರೇ ಬಾರದಿದ್ದರೂ ಬೆಲ್ ಒತ್ತಿ ಹಿಡಿದ ಹಾಗೆ, ಜಿಎಲ್‌ಪಿ-1ರ ವೇಷ ಹಾಕಿ ಬರುತ್ತದೆ.

ಸ್ಲೀವ್‌ನಲ್ಲಿ ಕರುಳನ್ನು ಮುಟ್ಟುವುದೇ ಇಲ್ಲ. ಹೊಟ್ಟೆಯೊಳಗೆ ಒಂದು ಕೊಳವೆ ಇಳಿಸಿ, ಅದರ ಅಂಚಿಗೆ ಸ್ಟೇಪ್ಲರ್ ಹಿಡಿದು, ಪಿನ್ನು ಹೊಡೆಯುತ್ತಾ ಕತ್ತರಿಸುತ್ತಾ ಮೇಲಕ್ಕೆ ಹೋಗುತ್ತಾರೆ. ಹೊಟ್ಟೆಯ ಮುಕ್ಕಾಲು ಭಾಗ ಅಥವಾ ಅದಕ್ಕೂ ಸ್ವಲ್ಪ ಜಾಸ್ತಿ ಹೊರಬರುತ್ತದೆ, ಅಂಗಿ ತೋಳಿನಂಥ ಒಂದು ಕೊಳವೆ ಉಳಿಯುತ್ತದೆ. ಆ ಕೊಳವೆಯಲ್ಲಿ ಆಹಾರ ನಿಲ್ಲುವುದಿಲ್ಲ, ಬೇಗ ಕರುಳಿಗೆ ಜಾರುತ್ತದೆ. ಹಾಗಾಗಿ ಇಲ್ಲೂ ಬೆಲ್ ಹೊಡೆಯುತ್ತದೆ. ಇದರ ಜೊತೆಗೆ ಇನ್ನೊಂದು ಕಥೆ ಇದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಪತ್ತೆ ಮಾಡಿದರು. ಅದು ಹೆಚ್ಚಾಗಿ ತಯಾರಾಗುವುದು ಹೊಟ್ಟೆಯ ಮೇಲ್ಭಾಗದ ಗುಮ್ಮಟದಲ್ಲಿ, ಸ್ಲೀವ್‌ನಲ್ಲಿ ತೆಗೆದುಹಾಕುವುದೂ ಅದನ್ನೇ. ‘ಹಸಿವಿನ ಕಾರ್ಖಾನೆ ಮುಚ್ಚಿದರು, ಕೆಲಸ ಮುಗೀತು’ ಅಂತ ಎಲ್ಲರೂ ಬರೆದರು. ಆದರೆ ಗ್ರೆಲಿನ್ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸ್ಲೀವ್ ಮಾಡಿದಾಗ ಅವುಗಳ ತೂಕವೂ ಇಳಿಯಿತು. ಇಲ್ಲದ ಕಾರ್ಖಾನೆಯನ್ನು ಮುಚ್ಚುವುದು ಹೇಗೆ? ಪಿತ್ತರಸದ ಆಮ್ಲಗಳಿಗೂ ಇದರಲ್ಲಿ ಪಾತ್ರ ಇದೆ ಅಂತ 2014ರಲ್ಲಿ ಇಲಿಗಳಲ್ಲೇ ಕಂಡುಬಂತು. ಒಂದೇ ಹಾರ್ಮೋನಿಗೆ ಪೂರ್ತಿ ಶ್ರೇಯ ಕೊಡುವ ಕಥೆಗಳನ್ನು ನಂಬಬೇಡಿ.

ಲೈಪೋಸಕ್ಷನ್ನೂ ತೂಕದ ಆಪರೇಷನ್ನೇ ಅಂದುಕೊಂಡವರು ತುಂಬಾ ಜನ ಇದ್ದಾರೆ. ಅಲ್ಲವೇ ಅಲ್ಲ. 2004ರ ಒಂದು ಅಧ್ಯಯನದಲ್ಲಿ 15 ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ತಲಾ ಸುಮಾರು 10 ಕೆಜಿ ಕೊಬ್ಬು ಹೀರಿ ತೆಗೆದರು. ಎರಡು ಮೂರು ತಿಂಗಳ ಮೇಲೆ ನೋಡಿದರೆ ಬಿಪಿ, ಕೊಲೆಸ್ಟರಾಲ್, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿ, ಯಾವುದೂ ಸುಧಾರಿಸಿರಲಿಲ್ಲ. ಅತ್ತ ಬೈಪಾಸ್ ಆದವರಲ್ಲಿ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಶುಗರ್ ಹತೋಟಿಗೆ ಬರುವುದುಂಟು. ವಾಲ್ಟರ್ ಪೋರಿಸ್ ಎಂಬ ಅಮೆರಿಕದ ಸರ್ಜನ್ 1995ರಲ್ಲಿ ಇದನ್ನು ಬರೆದಾಗ ಸಕ್ಕರೆ ಕಾಯಿಲೆಯನ್ನು ಕತ್ತರಿಯಿಂದ ಸರಿಪಡಿಸಬಹುದು ಅಂತ ಹೆಚ್ಚಿನವರು ಊಹಿಸಿರಲಿಲ್ಲ.

ಈ ಆಪರೇಷನ್‌ಗಳು ಹುಟ್ಟಿದ ಬಗೆಯೇ ಚೆಂದ. 1950ರ ದಶಕದಲ್ಲಿ ಶುರುವಾದ ಮೊದಲ ಪ್ರಯತ್ನದಲ್ಲಿ ಹೊಟ್ಟೆಯನ್ನು ಹಾಗೇ ಬಿಟ್ಟು ಸಣ್ಣ ಕರುಳಿನ ಬಹುಪಾಲನ್ನು ದಾಟಿಸಿದರು. ತೂಕವೇನೋ ಇಳಿಯಿತು. ಜೊತೆಗೆ ಭೇದಿ, ಮೂತ್ರಪಿಂಡದ ಕಲ್ಲು, ಲಿವರ್ ವೈಫಲ್ಯ ಬಂದವು. ಕೊನೆಗೆ ಅದನ್ನು ಕೈಬಿಟ್ಟರು. ಅಮೆರಿಕದ ಅಯೋವಾದಲ್ಲಿದ್ದ ಸರ್ಜನ್ ಎಡ್ವರ್ಡ್ ಮೇಸನ್ ಬೇರೊಂದು ಸಂಗತಿ ಗಮನಿಸಿದರು. ಅಲ್ಸರ್‌ಗಾಗಿ ಹೊಟ್ಟೆಯ ಭಾಗ ತೆಗೆಸಿಕೊಂಡ ಹೆಂಗಸರು ಮತ್ತೆ ದಪ್ಪಗಾಗುತ್ತಲೇ ಇರಲಿಲ್ಲ. ಆಗ ಅದು ಅಡ್ಡಪರಿಣಾಮ. ಮೇಸನ್ ಅದನ್ನೇ ಚಿಕಿತ್ಸೆ ಮಾಡಿ 1966ರಲ್ಲಿ ಬೈಪಾಸ್ ಶುರು ಮಾಡಿದರು. ಈಗ ಮಾಡುವ ಬೈಪಾಸ್‌ನಲ್ಲಿ ಕರುಳನ್ನು ಜೋಡಿಸುವ ವೈ ಆಕಾರ ಸೀಸರ್ ರೂ ಎಂಬ ಸ್ವಿಸ್ ಸರ್ಜನ್‌ನದು. ಅವರದು 19ನೇ ಶತಮಾನ, ಅವರ ತಲೆಯಲ್ಲಿ ತೂಕದ ಯೋಚನೆಯೇ ಇರಲಿಲ್ಲ. ಸ್ಲೀವ್ ಅಂತೂ ಅರ್ಧಕ್ಕೆ ನಿಂತ ಕೆಲಸ. ಹೊಟ್ಟೆಯನ್ನು ಕೊಳವೆ ಮಾಡಿ ಕರುಳಿನ ಬಹುಭಾಗವನ್ನೂ ದಾಟಿಸುವ ಡುಯೋಡಿನಲ್ ಸ್ವಿಚ್ ಎಂಬ ದೊಡ್ಡ ಆಪರೇಷನ್ನನ್ನು ವಿಪರೀತ ತೂಕದವರು ಒಂದೇ ಸಲಕ್ಕೆ ತಡೆಯಲಾರರು ಅಂತ 2000ದ ಆಸುಪಾಸಿನಲ್ಲಿ ಅದನ್ನು ಎರಡು ಕಂತು ಮಾಡಿದರು. ಮೊದಲ ಕಂತು ಸ್ಲೀವ್. ಹಲವರಿಗೆ ಅಷ್ಟರಲ್ಲೇ ಸಾಕಷ್ಟು ತೂಕ ಇಳಿಯಿತು, ಎರಡನೇ ಕಂತು ಬೇಕಾಗಲೇ ಇಲ್ಲ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ತೂಕದ ಆಪರೇಷನ್ ಅದೇ.

ಈಗ ಆಯ್ಕೆಗೆ ಬರೋಣ. ಸ್ವಿಟ್ಜರ್‌ಲೆಂಡ್ ಮತ್ತು ಫಿನ್‌ಲೆಂಡ್‌ನಲ್ಲಿ ಸ್ಲೀವ್, ಬೈಪಾಸ್ ಎರಡನ್ನೂ ಚೀಟಿ ಎತ್ತಿದ ಹಾಗೆ ಹಂಚಿ ವರ್ಷಗಟ್ಟಲೆ ನೋಡಿದರು. ಐದು ವರ್ಷದ ಫಲಿತಾಂಶ 2018ರಲ್ಲಿ ಬಂತು. ತೂಕದಲ್ಲಿ ಬೈಪಾಸ್ ತುಸು ಮುಂದೆ, ಅಷ್ಟೇ. ದೊಡ್ಡ ವ್ಯತ್ಯಾಸ ಕಂಡದ್ದು ಎದೆಯುರಿಯಲ್ಲಿ. ಫಿನ್‌ಲೆಂಡ್‌ನವರು ಹತ್ತು ವರ್ಷದ ಮೇಲೆ ಎಂಡೋಸ್ಕೋಪಿ ಮಾಡಿದಾಗ ಸ್ಲೀವ್ ಆದವರಲ್ಲಿ 31%, ಬೈಪಾಸ್ ಆದವರಲ್ಲಿ 7% ಜನರಿಗೆ ಅನ್ನನಾಳದಲ್ಲಿ ಉರಿಯೂತ ಇತ್ತು. ಯಾಕೆ? ಹೊಟ್ಟೆಯ ಗುಮ್ಮಟ ಬಲೂನಿನ ಹಾಗೆ ಹಿಗ್ಗಿ ಒತ್ತಡ ತಗ್ಗಿಸುತ್ತಿತ್ತು. ಸ್ಲೀವ್‌ನಲ್ಲಿ ಆ ಬಲೂನು ಹೋಯಿತು, ಉಳಿದದ್ದು ಬಿಗಿ ಕೊಳವೆ. ಪೇಸ್ಟಿನ ಟ್ಯೂಬಿನ ಮಧ್ಯಕ್ಕೆ ಹಿಚುಕಿದರೆ ಪೇಸ್ಟು ಎರಡೂ ಕಡೆ ಓಡುವಂತೆ ಹುಳಿ ಮೇಲಕ್ಕೂ ನುಗ್ಗುತ್ತದೆ.

ನನ್ನ ಗೆಳೆಯರು ಎಷ್ಟೋ ವರ್ಷದಿಂದ ದಿನಾ ಬೆಳಿಗ್ಗೆ ಅಸಿಡಿಟಿ ಮಾತ್ರೆ ನುಂಗುತ್ತಿದ್ದರು. ತೂಕಕ್ಕೂ ಅದಕ್ಕೂ ಏನು ಸಂಬಂಧ ಅಂತ ಡಾಕ್ಟರಿಗೆ ಹೇಳಿರಲೇ ಇಲ್ಲ! ಹೇಳಿದ ಮೇಲೆ ಎಂಡೋಸ್ಕೋಪಿ ಆಯಿತು, ಬೈಪಾಸ್ ಅಂತ ತೀರ್ಮಾನವೂ ಆಯಿತು. ಅವರ ಹಾಳೆಯ ಉತ್ತರ ಸರಿ, ಲೆಕ್ಕ ಮಾತ್ರ ಪೂರ್ತಿ ತಪ್ಪು.

ಹಳೆಯ ಸಕ್ಕರೆ ಕಾಯಿಲೆ ಇದ್ದರೂ ತಕ್ಕಡಿ ಸಾಮಾನ್ಯವಾಗಿ ಬೈಪಾಸ್ ಕಡೆ ವಾಲುತ್ತದೆ. ಆದರೆ ಕೀಲುನೋವಿಗೆ ದಿನವೂ ಐಬುಪ್ರೊಫೆನ್‌ನಂಥ ಮಾತ್ರೆ ಬೇಕಾದವರಿಗೆ ಬೈಪಾಸ್ ಒಳ್ಳೆಯದಲ್ಲ. ಹೊಟ್ಟೆಗೂ ಕರುಳಿಗೂ ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗಬಹುದು. ಸಿಗರೇಟು ಸೇದುವವರಿಗೂ ಇದೇ ಅಪಾಯ. ಕರುಳಿನಲ್ಲಿ ಉರಿಯೂತ ಆಗುವ ಕ್ರೋನ್ಸ್ ಕಾಯಿಲೆ ಇದ್ದವರ ಸಣ್ಣ ಕರುಳನ್ನು ಮುಟ್ಟದಿರುವುದೇ ಮೇಲು, ಅವರಿಗೆ ಸ್ಲೀವ್. ಬೈಪಾಸ್ ಆದವರು ಸಿಹಿ ಜಾಸ್ತಿ ತಿಂದರೆ ಸ್ವಲ್ಪ ಹೊತ್ತಿನಲ್ಲೇ ಎದೆ ಡವಡವ, ಬೆವರು, ಹೊಟ್ಟೆ ಹಿಂಡುವುದು ಶುರುವಾಗಬಹುದು. ಹೊಟ್ಟೆಯ ಬಾಗಿಲನ್ನು ಬಿಟ್ಟು ಸಕ್ಕರೆ ನೇರ ಕರುಳಿಗೆ ಬೀಳುವುದೇ ಕಾರಣ. ಮದ್ಯವೂ ಬೇಗ ತಲೆಗೇರುತ್ತದೆ. ಕುಡಿತದ ಚಟ ಇದ್ದವರು ಇದನ್ನು ಮುಚ್ಚಿಡಬಾರದು.

ಮಿನಿ ಬೈಪಾಸ್‌ನಲ್ಲಿ ಎರಡರ ಬದಲು ಒಂದೇ ಜೋಡಣೆ, ಸಮಯ ಉಳಿಯುತ್ತದೆ. ಆದರೆ ಪಿತ್ತ ಹಿಂದಕ್ಕೆ ಹೊಟ್ಟೆಗೆ ಬರುವ ತೊಂದರೆ ಇದೆ. ಡುಯೋಡಿನಲ್ ಸ್ವಿಚ್ ಎಲ್ಲಕ್ಕಿಂತ ಬಲವಾದದ್ದು, ಹಾಗೆಯೇ ಎಲ್ಲಕ್ಕಿಂತ ಕಟ್ಟುನಿಟ್ಟಿನದು. ಪ್ರೋಟೀನ್, ಎ, ಡಿ, ಇ, ಕೆ ವಿಟಮಿನ್ ಎಲ್ಲಕ್ಕೂ ಕೊರತೆ ಬರಬಹುದು. ಹೊಟ್ಟೆಗೆ ಬ್ಯಾಂಡ್ ಕಟ್ಟುವ ಪದ್ಧತಿ ಹೆಚ್ಚುಕಡಿಮೆ ಮೂಲೆ ಸೇರಿದೆ. ಕಟ್ಟಿಸಿಕೊಂಡ ಎಷ್ಟೋ ಜನ ಆಮೇಲೆ ತೆಗೆಸಿದರು. ಬ್ಯಾಂಡು ಚೀಲವನ್ನು ಬಿಗಿಯುತ್ತದೆ, ಬೆಲ್ ಒತ್ತುವುದಿಲ್ಲ.

ಸ್ಲೀವ್‌ನಲ್ಲಿ ಹೋದ ಹೊಟ್ಟೆ ಹೋಯಿತು, ವಾಪಸ್ ಬರುವುದಿಲ್ಲ. ಆದರೆ ಮುಂದೆ ಬೇಕಾದರೆ ಅದನ್ನೇ ಬೈಪಾಸ್ ಮಾಡಬಹುದು. ಬೈಪಾಸ್‌ನಲ್ಲಿ ಹಳೆಯ ಹೊಟ್ಟೆ ಒಳಗೇ ಇರುತ್ತದೆ. ಆದರೆ ಬಾಯಿಂದ ಹೋಗುವ ಮಾಮೂಲಿ ಎಂಡೋಸ್ಕೋಪಿಗೆ ಅದು ಸಿಗುವುದಿಲ್ಲ.

‘ಇದು ಸೋಮಾರಿಗಳ ದಾರಿ’ ಅನ್ನುವವರ ಮಾತು ಕೇಳಿ ನನಗೆ ನಿಜಕ್ಕೂ ಬೇಸರವಾಗುತ್ತದೆ. 1987ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಅಧ್ಯಯನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರು. ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಅಂತ ಅದು 2007ರಲ್ಲಿ ತೋರಿಸಿತು. ಮತ್ತೆ ಸೋಮಾರಿಗಳಿಗೆ ಇದು ಆಗಿಬರುವುದೂ ಇಲ್ಲ. ಯಾವ ಆಪರೇಷನ್ ಆದರೂ ವಿಟಮಿನ್ ಮಾತ್ರೆ ಬದುಕಿಡೀ ಬೇಕು, ರಕ್ತ ಪರೀಕ್ಷೆ ಕಾಲಕಾಲಕ್ಕೆ ಬೇಕು. ಬೈಪಾಸ್ ಆದವರಿಗಂತೂ ಕಬ್ಬಿಣ, ಕ್ಯಾಲ್ಸಿಯಂ, ಬಿ12 ತಪ್ಪುವಂತಿಲ್ಲ. ಬಿ12 ಹೀರಲು ಹೊಟ್ಟೆ ಬಿಡುವ ಒಂದು ಪ್ರೋಟೀನ್ ಜೊತೆಗೆ ಸೇರಬೇಕು. ಬೈಪಾಸ್‌ನಲ್ಲಿ ಆಹಾರಕ್ಕೂ ಆ ಪ್ರೋಟೀನಿಗೂ ಸರಿಯಾಗಿ ಭೇಟಿಯೇ ಆಗುವುದಿಲ್ಲ. ಲಿವರ್‌ನಲ್ಲಿ ಬಿ12 ವರ್ಷಗಟ್ಟಲೆ ಸಾಕಾಗುವಷ್ಟು ದಾಸ್ತಾನು ಇರುತ್ತದೆ. ಹಾಗಾಗಿ ಮಾತ್ರೆ ಬಿಟ್ಟ ಮೊದಲ ವರ್ಷ ಏನೂ ಆಗುವುದಿಲ್ಲ. ‘ನೋಡಿ, ಸುಮ್ನೆ ನುಂಗ್ತಿದ್ದೆ’ ಅನ್ನಿಸುತ್ತದೆ. ದಾಸ್ತಾನು ಖಾಲಿಯಾಗುತ್ತಾ ಬಂದಾಗ, ಆಪರೇಷನ್ನೇ ಮರೆತುಹೋಗಿರುವ ಒಂದು ದಿನ, ಪಾದದಲ್ಲಿ ಜೋಮು ಶುರುವಾಗುತ್ತದೆ.