ಹೂವಿನ ಕಣಿವೆಯನ್ನು ಕೊಂಡವರು, ಕಾಯುತ್ತಿರುವವರು

ದಕ್ಷಿಣ ಆಫ್ರಿಕಾದ ಪಶ್ಚಿಮ ಕೇಪ್ ಪ್ರಾಂತ್ಯದ ಕರಾವಳಿಯಲ್ಲಿ, ಗಾನ್ಸ್‌ಬಾಯ್ ಪಟ್ಟಣದ ಸಮೀಪ, ಫ್ಲವರ್ ವ್ಯಾಲಿ ಎಂಬ ಜಮೀನಿದೆ. 1999ರಲ್ಲಿ ಅದು ಮಾರಾಟಕ್ಕೆ ಬಂದಾಗ ಅಲ್ಲಿನ ಕಾಡುಹೂವಿನ ಗಿಡಗಳನ್ನು ಕಿತ್ತು ದ್ರಾಕ್ಷಿ ತೋಟ ಮಾಡುವ ಅಪಾಯ ಎದುರಾಗಿತ್ತು. 1903ರಿಂದ ಕೆಲಸ ಮಾಡುತ್ತಿರುವ ಬ್ರಿಟನ್ನಿನ ಫಾನಾ ಅಂಡ್ ಫ್ಲೋರಾ ಇಂಟರ್‌ನ್ಯಾಷನಲ್ ಸಂಸ್ಥೆಯು ದಾನಿಗಳ ನೆರವಿನಿಂದ ಆ ಜಮೀನನ್ನು ಕೊಂಡು, ಅದರ ಉಸ್ತುವಾರಿಯನ್ನು ಸ್ಥಳೀಯ ಟ್ರಸ್ಟಿಗೆ ಒಪ್ಪಿಸಿತು. ಸಂರಕ್ಷಣೆಗಾಗಿ ಕೊಂಡ ನೆಲವಾದರೂ ಅಲ್ಲಿ ಹೂ ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಹೂ ಕೊಯ್ದು ಬದುಕುತ್ತಿದ್ದ ಕುಟುಂಬಗಳ ಸಂಪಾದನೆ ಉಳಿದರೆ ಮಾತ್ರ ಹೂವಿನ ನೆಲವೂ ಉಳಿದೀತು ಎಂಬ ನಂಬಿಕೆಯ ಮೇಲೆಯೇ ಈ ಪ್ರಯತ್ನ ನಿಂತಿತ್ತು.

ಇಲ್ಲಿನ ಕುರುಚಲು ಸಸ್ಯವರ್ಗಕ್ಕೆ ಫೈನ್‌ಬಾಸ್ ಎಂದು ಹೆಸರು. ಸುಮಾರು 90,000 ಚದರ ಕಿಲೋಮೀಟರ್ ವಿಸ್ತಾರದ ಕೇಪ್ ಸಸ್ಯಪ್ರದೇಶದಲ್ಲಿ ಸುಮಾರು 9,000 ಜಾತಿಯ ಸಸ್ಯಗಳಿದ್ದು, ಅವುಗಳಲ್ಲಿ ಹತ್ತಿರಹತ್ತಿರ ಶೇಕಡಾ 70ರಷ್ಟು ಜಗತ್ತಿನ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಸಾರವಿಲ್ಲದ ಮರಳು ಮಣ್ಣಿನಲ್ಲಿ ಬೆಳೆಯುವ ಈ ಗಿಡಗಳಿಗೆ ಬೆಂಕಿಯೂ ಬೇಕು. ಪ್ರೋಟಿಯಾ ಕುಲದ ಹಲವು ಗಿಡಗಳು ತಮ್ಮ ಬೀಜಗಳನ್ನು ಒಣಗಿದ ಹೂತಲೆಯೊಳಗೆ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು, ತಾಯಿಗಿಡ ಬೆಂಕಿಗೆ ಸುಟ್ಟ ಮೇಲೆಯೇ ಉದುರಿಸುತ್ತವೆ. ಇನ್ನು ಕೆಲವು ಗಿಡಗಳ ಬೀಜದ ತುದಿಯಲ್ಲಿ ಎಣ್ಣೆಯಂಶದ ಸಣ್ಣ ತುಣುಕೊಂದಿರುತ್ತದೆ. ಇರುವೆಗಳು ಅದರ ಆಸೆಗೆ ಬೀಜವನ್ನು ಗೂಡಿಗೆ ಒಯ್ದು, ತುಣುಕನ್ನು ತಿಂದು, ಬೀಜವನ್ನು ಮಣ್ಣಿನೊಳಗೆ ಬಿಟ್ಟುಬಿಡುತ್ತವೆ. ಹೀಗೆ ಹುಗಿದ ಬೀಜ ಬೆಂಕಿಯ ಕಾವಿಗೋ ಹೊಗೆಗೋ ಎಚ್ಚೆತ್ತು ಮೊಳೆಯುತ್ತದೆ. ಒಂದು ಬೆಂಕಿಗೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷಗಳ ಅಂತರವಿದ್ದರೆ ಗಿಡ ಬಲಿತು ಬೀಜ ಕೂಡಿಸಿಕೊಳ್ಳಲು ಸಮಯ ಸಿಗುತ್ತದೆ. ಅದಕ್ಕಿಂತ ಬೇಗ ಬೆಂಕಿ ಬಿದ್ದರೂ, ಹೂವನ್ನೆಲ್ಲ ಬೋಳಿಸಿ ಒಯ್ದರೂ, ಮುಂದಿನ ತಲೆಮಾರಿಗೆ ಬೀಜವಿರುವುದಿಲ್ಲ.

ಹೂ ಮಾರುವ ಕಸುಬು ಈ ಸೀಮೆಗೆ ಹೊಸದಲ್ಲ. ಒಣಗಿದರೂ ಬಣ್ಣ ಬಿಡದ ಹೂಗಳು 19ನೆಯ ಶತಮಾನದಲ್ಲಿಯೇ ಇಲ್ಲಿಂದ ಯೂರೋಪಿಗೆ ಹೋಗುತ್ತಿದ್ದವು. ಮೊರೇವಿಯನ್ ಮಿಷನರಿಗಳು 1824ರಲ್ಲಿ ಸ್ಥಾಪಿಸಿದ ಎಲಿಮ್ ಎಂಬ ಹಳ್ಳಿಯ ಜನರಿಗೆ ಹೂ ಕೊಯ್ದು ಒಣಗಿಸುವ ಕೆಲಸ ತಲೆತಲಾಂತರದಿಂದ ಗೊತ್ತು. ಆದರೆ ಈ ಸೀಮೆಯನ್ನೊಳಗೊಂಡ ಅಗುಲ್ಹಾಸ್ ಎಂಬ ಕರಾವಳಿ ಬಯಲಿನ ಬಹುಪಾಲು ಭೂಮಿ ಖಾಸಗಿಯವರದು, ಅಂದರೆ ಹೆಚ್ಚಾಗಿ ಬಿಳಿಯ ರೈತ ಕುಟುಂಬಗಳದು. ವರ್ಣಭೇದದ ಕಾಲದ ಕಾನೂನುಗಳು ಉಳಿದವರನ್ನು ಕೂಲಿಯವರನ್ನಾಗಿಯೇ ಇರಿಸಿದ್ದವು. ಕೊಯ್ಲಿನ ತಂಡಗಳು ಜಮೀನಿನಿಂದ ಜಮೀನಿಗೆ ಹೋಗಿ, ಕೊಯ್ದ ಕಟ್ಟಿನ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದವು. ಕಟ್ಟಿನ ಲೆಕ್ಕದ ಕೂಲಿ ಇರುವಲ್ಲಿ ಗಿಡದ ಮೇಲೆ ಹೂ ಬಿಟ್ಟು ಬರುವುದೆಂದರೆ ಕೈಯಾರೆ ಸಂಪಾದನೆ ಬಿಟ್ಟು ಬಂದಂತೆ. ಅತಿಯಾದ ಕೊಯ್ಲಿಗೆ ಕೊಯ್ಯುವವರ ಅಜ್ಞಾನವೇ ಕಾರಣವೆಂದು ದೂರುವವರು ಈ ಲೆಕ್ಕವನ್ನು ನೋಡಬೇಕಿತ್ತು.

ಫ್ಲವರ್ ವ್ಯಾಲಿ ಟ್ರಸ್ಟು ರೂಪಿಸಿದ ಕೊಯ್ಲಿನ ಶಿಸ್ತು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಒಂದು ಗಿಡದ ಹೂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊಯ್ಯಬಾರದು, ಗಿಡವನ್ನು ಬೇರುಸಹಿತ ಕೀಳಬಾರದು, ರೋಗ ಹರಡದಂತೆ ಕತ್ತರಿಯನ್ನು ಶುಚಿಗೊಳಿಸುತ್ತಿರಬೇಕು. ಯಾವ ಜಾತಿ ಎಷ್ಟು ಕೊಯ್ಲನ್ನು ತಾಳಿಕೊಂಡೀತು ಎಂದು ಅಂದಾಜು ಮಾಡಿ ಶ್ರೇಯಾಂಕ ಕೊಟ್ಟ ಪಟ್ಟಿಯೂ ಸಿದ್ಧವಾಯಿತು. ಅಪರೂಪದ, ನಿಧಾನವಾಗಿ ಬೆಳೆಯುವ ಜಾತಿಗಳನ್ನು ಮುಟ್ಟಬಾರದೆಂದು ಈ ಪಟ್ಟಿ ಹೇಳುತ್ತದೆ. ಈ ನಿಯಮಗಳಿಗೆ ಬಲ ಬಂದದ್ದು ಕೊಳ್ಳುವವರಿಂದ: ದಕ್ಷಿಣ ಆಫ್ರಿಕಾದ ಪಿಕ್ ಎನ್ ಪೇ, ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಗಳಲ್ಲಿ ಈ ಹೂಗುಚ್ಛಗಳು ಮಾರಾಟವಾದವು. ಜಮೀನಿನಲ್ಲಿಯೇ ಕೆಲಸಗಾರರ ಮಕ್ಕಳಿಗಾಗಿ ಶಿಶುವಿಹಾರವೂ ನಡೆಯಿತು. ಸಂರಕ್ಷಣೆಯ ಕಡತದಲ್ಲಿ ಶಿಶುವಿಹಾರಕ್ಕೇನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ನನಗಂತೂ ಇಡೀ ಯೋಜನೆಯ ಅತ್ಯಂತ ವಿವೇಕದ ಖರ್ಚು ಅದೇ ಎನ್ನಿಸುತ್ತದೆ.

ಒಂದು ಜಮೀನು ಉಳಿದರೆ ಸಾಲದೆಂಬುದು ಎಲ್ಲರಿಗೂ ಬೇಗನೇ ಮನವರಿಕೆಯಾಯಿತು. ಹೀಗಾಗಿ ಜಾಗತಿಕ ಪರಿಸರ ನಿಧಿಯ ಅನುದಾನದಿಂದ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ, ಇಡೀ ಬಯಲನ್ನು ಒಳಗೊಳ್ಳುವ ಅಗುಲ್ಹಾಸ್ ಜೀವವೈವಿಧ್ಯ ಉಪಕ್ರಮ 2003ರ ಸುಮಾರಿಗೆ ಶುರುವಾಯಿತು. ರಾಷ್ಟ್ರೀಯ ಉದ್ಯಾನಗಳ ಇಲಾಖೆ, ಪ್ರಾಂತೀಯ ಸಂರಕ್ಷಣಾ ಸಂಸ್ಥೆಯಾದ ಕೇಪ್‌ನೇಚರ್, ಜಮೀನ್ದಾರರು, ಹೂವಿನ ವರ್ತಕರು ಮತ್ತು ಟ್ರಸ್ಟುಗಳು ಒಂದೇ ಮೇಜಿನ ಸುತ್ತ ಕೂತರು. ಅನುದಾನದ ಅವಧಿ ಮುಗಿದ ಮೇಲೆ ಇಂಥ ಒಕ್ಕೂಟಗಳು ಸಾಮಾನ್ಯವಾಗಿ ಚದುರಿಹೋಗುತ್ತವೆ. ಇದು ಚದುರಲಿಲ್ಲ, ಹೊರಗಿನಿಂದ ಬಂದ ಗಿಡಗಳನ್ನು ತೆಗೆಯುವ ಕೆಲಸಕ್ಕಾಗಿ ಸರ್ಕಾರದ ಹಣವನ್ನು ಒಟ್ಟಾಗಿ ಪಡೆದು ಹಂಚಿಕೊಳ್ಳುವ ಕೂಟವಾಗಿ ಉಳಿಯಿತು.

ಆ ಕೆಲಸದ ಗಾತ್ರ ಮಲೆನಾಡಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ನೆಡುತೋಪುಗಳಿಗೆ ಬಂದ ಅಕೇಶಿಯಾದ ಹಾಗೆಯೇ, ಅಲ್ಲಿ ಮರಳ ದಿಬ್ಬಗಳನ್ನು ಹಿಡಿದಿಡಲೆಂದು 19ನೆಯ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ತಂದ ಅಕೇಶಿಯಾಗಳು ಫೈನ್‌ಬಾಸನ್ನು ಮುಚ್ಚುತ್ತಾ ಹೊಳೆದಂಡೆಗಳ ನೀರನ್ನೂ ಹೀರುತ್ತಿವೆ. ಅವನ್ನು ಕಡಿಯುವುದರ ಜೊತೆಗೆ ಬಡವರಿಗೆ ಕೂಲಿಯನ್ನೂ ಕೊಡುವ ಸರ್ಕಾರಿ ಕಾರ್ಯಕ್ರಮ 1995ರಲ್ಲಿಯೇ ಆರಂಭವಾಗಿತ್ತು. ಒಮ್ಮೆ ಕಡಿದರೆ ಸಾಲದು. ಮಣ್ಣಿನಲ್ಲಿ ಹುದುಗಿದ ಬೀಜಗಳು ಮತ್ತೆ ಮತ್ತೆ ಮೊಳೆಯುವುದರಿಂದ ವರ್ಷಗಳ ಕಾಲ ಅದೇ ಜಾಗಕ್ಕೆ ಮರಳಬೇಕು. ದಾನಿಗಳ ಅನುದಾನ ಸಾಮಾನ್ಯವಾಗಿ ಮೂರೋ ಐದೋ ವರ್ಷದ್ದು, ಬೆಂಕಿಯ ಆವರ್ತನ ಅದಕ್ಕಿಂತ ಬಹಳ ದೀರ್ಘವಾದದ್ದು. ನಡುವೆ ಒಂದೆರಡು ವರ್ಷ ಹಣ ನಿಂತರೂ ಹಿಂದಿನ ಶ್ರಮ ನೀರುಪಾಲಾಗುತ್ತದೆ. ದೊಡ್ಡ ಮೊತ್ತವನ್ನು ಒಂದೇ ಸಲ ಕೊಡುವ ದಾನಿಗಿಂತ ಸಣ್ಣ ಮೊತ್ತವನ್ನು ಹದಿನೈದು ವರ್ಷ ಬಿಡದೆ ಕೊಡುವವರು ಇಲ್ಲಿ ಹೆಚ್ಚು ಉಪಕಾರಿಗಳು.

ಈ ಕಥೆಗೆ ಕರ್ನಾಟಕದ ನಂಟೂ ಇದೆ. ಕೇಪ್ ಪ್ರದೇಶದಲ್ಲಿ ನಾಗರಿಕ ಸಂಸ್ಥೆಗಳಿಗೆ ಅನುದಾನ ಕೊಡುವುದನ್ನು ಮೊದಲು ಕೈಗೊಂಡ ನಿಧಿಗಳಲ್ಲಿ ಒಂದು, 2000ದಲ್ಲಿ ಸ್ಥಾಪನೆಯಾದ ಕ್ರಿಟಿಕಲ್ ಎಕೋಸಿಸ್ಟಮ್ ಪಾರ್ಟ್‌ನರ್‌ಶಿಪ್ ಫಂಡ್. ಅದೇ ನಿಧಿ 2008ರಲ್ಲಿ ಪಶ್ಚಿಮ ಘಟ್ಟಕ್ಕೂ ಬಂದಾಗ ಅದರ ಪ್ರಾದೇಶಿಕ ನಿರ್ವಹಣೆಯನ್ನು ವಹಿಸಿಕೊಂಡದ್ದು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹವನ್ನು ದೀರ್ಘಕಾಲ ಅಧ್ಯಯನ ಮಾಡಿದ ಸಂಸ್ಥೆಯೂ ಇದೇ. ಅಲ್ಲಿ 2000ದ ದಶಕದ ನಡುವಿನಲ್ಲಿ ಮಾರಾಟಕ್ಕಾಗಿ ನಡೆಯುತ್ತಿದ್ದ ಸಂಗ್ರಹವನ್ನು ನಿಷೇಧಿಸಲಾಯಿತು. ಸೋಲಿಗರು ಸಮುದಾಯ ಅರಣ್ಯ ಹಕ್ಕು ಪಡೆದದ್ದು 2011ರಲ್ಲಿ. ಕೊಯ್ಲನ್ನೇ ಸಂರಕ್ಷಣೆಯ ಸಾಧನವಾಗಿಸಿಕೊಂಡ ಕೇಪ್‌ನ ದಾರಿಗೂ ಕೊಯ್ಲನ್ನೇ ಅಪರಾಧವಾಗಿಸಿದ ನಮ್ಮ ದಾರಿಗೂ ಇರುವ ಅಂತರ ಈ ವರ್ಷಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಾಗಿದ್ದರೂ ಹಕ್ಕಿನ ವಿಚಾರದಲ್ಲಿ ಸೋಲಿಗರ ಕೈಗೆ ಬಂದಷ್ಟು ಅಗುಲ್ಹಾಸ್ ಬಯಲಿನ ಕೊಯ್ಲಿನವರ ಕೈಗೆ ಬಂದಿಲ್ಲ. ಪ್ರಾಂತ್ಯದ ಕಾನೂನಿನ ಪ್ರಕಾರ ಕಾಡುಹೂವು ಮಾರಲು ಪರವಾನಗಿ ಬೇಕು, ಕೊಯ್ಯಲು ಜಮೀನಿನ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಎಲಿಮ್‌ನ ಜನರಂತೆ ಮಿಷನ್ ಭೂಮಿಯ ಆಸರೆಯಿರುವವರು ಕೆಲವರೇ. ಉಳಿದವರು ಎಷ್ಟೇ ಜತನದಿಂದ ಕೊಯ್ದರೂ ಮುಂದಿನ ವರ್ಷ ಅದೇ ಗುಡ್ಡಕ್ಕೆ ಹೋಗಬಹುದೇ ಎಂಬುದನ್ನು ಮಾಲೀಕರೇ ತೀರ್ಮಾನಿಸುತ್ತಾರೆ. ದೇಣಿಗೆಯ ಹಣದಿಂದ ತರಬೇತಿ, ಪಟ್ಟಿ, ಮಾರುಕಟ್ಟೆ ಎಲ್ಲವೂ ಸಾಧ್ಯವಾಗಿವೆ. ಭೂಮಿಯ ಒಡೆತನದ ಪ್ರಶ್ನೆಯನ್ನು ಮಾತ್ರ ಅಲ್ಲಿನ ಸರ್ಕಾರವೂ ಜಮೀನ್ದಾರರೂ ಕೂತು ಬಗೆಹರಿಸಬೇಕಾಗಿದೆ.