ಟೆಂಡರ್ ಮೀಟರಿನಲ್ಲಿ, ಲೆಕ್ಕ ಅಡಿಯಲ್ಲಿ

ಹೊಸದಾಗಿ ಗುತ್ತಿಗೆಗೆ ಇಳಿದ ಹುಡುಗನೊಬ್ಬ ಬಿಲ್ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದ. ಸರ್ಕಾರಿ ಕಟ್ಟಡದ ಪ್ಲಾಸ್ಟರಿಂಗ್, 1,000 ಚದರ ಮೀಟರ್. ಕೂಲಿ, ಸಿಮೆಂಟು, ಮರಳು, ಸಾರುವೆ ಎಲ್ಲ ಸೇರಿ ಚದರಡಿಗೆ 40 ರೂಪಾಯಿ ಬೀಳುತ್ತದೆ ಅಂತ ಸರಿಯಾಗಿಯೇ ಲೆಕ್ಕ ಹಾಕಿದ್ದ. ಎಡವಿದ್ದು ಮುಂದಿನ ಸಾಲಿನಲ್ಲಿ. ಚದರ ಮೀಟರ್ ಅಂದರೆ ಹತ್ತು ಚದರಡಿ ಅಲ್ವಾ ಅಂದುಕೊಂಡು 400 ರೂಪಾಯಿ ಬರೆದಿದ್ದ. ಅದು 10.764 ಚದರಡಿ. ಅಸಲೇ 430 ರೂಪಾಯಿ ದಾಟುತ್ತದೆ. ಲಾಭದ ಮಾತು ಬಿಡಿ, 30,000 ರೂಪಾಯಿಗಿಂತ ಜಾಸ್ತಿ ಕೈಯಿಂದ ಹಾಕಿದ್ದ.

ಮೆಟ್ರಿಕ್ ಅಳತೆಗೆ ನಮ್ಮಲ್ಲಿ ಕಾಯ್ದೆ ಬಂದದ್ದು 1956ರಲ್ಲಿ. ಈಗಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 11ನೇ ಸೆಕ್ಷನ್ ಓದಿದರೆ ತುಂಬಾ ಜನಕ್ಕೆ ಆಶ್ಚರ್ಯವಾಗುತ್ತದೆ. ಸರಕಿಗಾಗಲಿ ಸೇವೆಗಾಗಲಿ ಬೆಲೆ ಹೇಳುವುದು, ಬಿಲ್ ಕೊಡುವುದು ಎಲ್ಲ ಪ್ರಮಾಣಿತ ಅಳತೆಯಲ್ಲೇ, ಅಂದರೆ ಮೆಟ್ರಿಕ್‌ನಲ್ಲೇ ಇರಬೇಕು. ಬಾಯಿಮಾತಲ್ಲಿ ಹೇಳಿದ ಬೆಲೆಗೂ ಇದೇ ನಿಯಮ.

ಕಾಯ್ದೆ ಸರಿಯಾಗಿಯೇ ಇದೆ. ಆದರೆ ಸೈಟಿನಲ್ಲಿ ಇನ್ನೂ ಅಡಿ, ಇಂಚು, ಚದರ (ನೂರು ಚದರಡಿ). ಉತ್ತರ ಕರ್ನಾಟಕದ ಕಡೆ ಜಲ್ಲಿ ಅಂದರೆ ಬ್ರಾಸ್. ಒಂದು ಬ್ರಾಸ್ ನೂರು ಘನ ಅಡಿ, ಅಂದರೆ 2.83 ಘನ ಮೀಟರ್. ಸುಮ್ನೆ ಮೂರು ಅಂತ ಹಿಡಿದು, 300 ಘನ ಮೀಟರ್ ಬೇಕಾದ ಕಡೆ 100 ಬ್ರಾಸ್ ತರಿಸಿದರೆ 17 ಘನ ಮೀಟರ್ ಕಮ್ಮಿ ಬೀಳುತ್ತದೆ. ಹಾಗಾಗಿ ಜಲ್ಲಿಯವರ ಹತ್ತಿರ ಬಿಲ್ ಘನ ಮೀಟರಿನಲ್ಲೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ಟೆಂಡರಿನ ಮೊದಲ ಪುಟದಲ್ಲೇ ಕನ್ನಡದಲ್ಲಿ ಒಂದು ಪರಿವರ್ತನೆ ಕೋಷ್ಟಕ ಹಾಕಿದರೆ ಇಲಾಖೆಗೆ ಏನು ಕಷ್ಟ? ಸಣ್ಣ ಗುತ್ತಿಗೆದಾರರ ಎಷ್ಟೋ ದುಡ್ಡು ಉಳಿಯುತ್ತದೆ.

ಮುಗಿದ ಕೆಲಸವನ್ನು ಎಂಜಿನಿಯರ್ ಅಳೆದು ಅಳತೆ ಪುಸ್ತಕ ಬರೆಯುವ ದಿನ ಮಾತ್ರ ನೀವು ಅಲ್ಲೇ ಇರಬೇಕು. ಟೇಪ್ ಒಂದೇ. ಮೇಸ್ತ್ರಿ ಇಂಚಿನ ಅಂಚು ಓದುತ್ತಾನೆ, ಎಂಜಿನಿಯರ್ ಮಿಲಿಮೀಟರ್ ಅಂಚು ಓದುತ್ತಾರೆ. ಮೇಸ್ತ್ರಿ "ಹತ್ತಡಿ ಸಾರ್" ಅಂತ ಕೂಗಿದ್ದನ್ನು ಪುಸ್ತಕದಲ್ಲಿ 3.00 ಅಂತ ಬರೆಯುವುದನ್ನು ನಾನೇ ಕಂಡಿದ್ದೇನೆ. ಹತ್ತಡಿ ಅಂದರೆ 3.05 ಮೀಟರ್. ಅದು ಎತ್ತರವಾದರೆ, ನೂರು ಮೀಟರ್ ಉದ್ದದ ಗೋಡೆಯಲ್ಲಿ ಅಷ್ಟಕ್ಕೇ ಸುಮಾರು 5 ಚದರ ಮೀಟರ್ ಹೋಯಿತು. ಆ ಪುಟಕ್ಕೆ ಸಹಿ ಹಾಕುವ ಮೊದಲು ಮಿಲಿಮೀಟರ್ ಅಂಚನ್ನು ನೀವೇ ಬಗ್ಗಿ ಓದಿ.